ನಾಲ್ಕೇ ಜನ ಕೆಲಸಗಾರರಿದ್ದರೂ ಪರಿಹಾರ ವಿಮೆ ಬೇಕು: ಮಾಡಿಸುವುದು ಹೇಗೆ?

ಪೀಣ್ಯದ ಪವರ್ ಪ್ರೆಸ್ ಶೆಡ್ ಇರಲಿ, ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪ್ ಇರಲಿ, ನಿಮ್ಮ ಬೀದಿಯ ಬೇಕರಿಯೇ ಇರಲಿ. ಕೆಲಸ ಮಾಡುವಾಗ ಕೆಲಸಗಾರರಿಗೆ ಪೆಟ್ಟಾದರೆ ಪರಿಹಾರ ಕೊಡಬೇಕಾದವರು ಮಾಲೀಕರು. ವಿಮೆ ಮಾಡಿಸಿದ್ದರೂ ಅಷ್ಟೇ, ಮಾಡಿಸದಿದ್ದರೂ ಅಷ್ಟೇ. 1923ರ ಕೆಲಸಗಾರರ ಪರಿಹಾರ ಕಾಯ್ದೆಯ ಕಾಲದಿಂದ ಇರುವ ಈ ಹೊಣೆ, 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಮನೆಯಿಂದ ಕೆಲಸಕ್ಕೆ ಬರುವಾಗ, ಹೋಗುವಾಗ ಆಗುವ ಅಪಘಾತವೂ ಕೆಲಸದ ಜೊತೆ ನಂಟು ಇದ್ದರೆ ಈಗ ಲೆಕ್ಕಕ್ಕೆ ಬರುತ್ತದೆ.

ಮೊತ್ತ ಎಷ್ಟಾಗಬಹುದು? ಕೆಲಸಗಾರ ತೀರಿಕೊಂಡರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಸಂಖ್ಯೆ 207.98. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಿತು. ಅಂದರೆ 7,500ನ್ನು 207.98ರಿಂದ ಗುಣಿಸಿ: 15,59,850 ರೂಪಾಯಿ. ಮತ್ತೆಂದೂ ದುಡಿಯಲಾಗದಂತೆ ಪೂರ್ತಿ ಅಂಗವಿಕಲರಾದರೆ ಸಂಬಳದ ಶೇ 60 ಹಿಡಿಯುತ್ತಾರೆ. ಆಗ 18,71,820 ರೂಪಾಯಿ. ಪ್ರೆಸ್ಸಿಗೆ ಸಿಕ್ಕಿ ಹೆಬ್ಬೆರಳು ಹೋದರೆ ಅದರಲ್ಲಿ ಶೇ 30, ಹತ್ತಿರ ಹತ್ತಿರ 5.6 ಲಕ್ಷ. ಸಣ್ಣ ಶೆಡ್ ಇಟ್ಟುಕೊಂಡವರು ಇಷ್ಟು ದುಡ್ಡನ್ನು ಎಲ್ಲಿಂದ ತರಬೇಕು? ಅವರು ತರಲಾಗದಿದ್ದರೆ ಗಾಯಗೊಂಡವರ ಮನೆ ನಡೆಯುವುದು ಹೇಗೆ?

‘ಅವನೇ ಅಜಾಗರೂಕತೆಯಿಂದ ಕೈ ಇಟ್ಟ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕುಡಿದಿದ್ದರೆ, ಇಲ್ಲವೇ ಬೇಕೆಂದೇ ಸುರಕ್ಷತಾ ಗಾರ್ಡ್ ತೆಗೆದಿದ್ದರೆ ಮಾಲೀಕರಿಗೆ ವಿನಾಯಿತಿ ಉಂಟು. ಆದರೆ ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದಾಗ ಅದೂ ಇಲ್ಲ.

ಮೊದಲು ಇಎಸ್‌ಐ ನೋಡಿ

ಹತ್ತು ಅಥವಾ ಹೆಚ್ಚು ಜನ ಇದ್ದರೆ ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕರ ರಾಜ್ಯ ವಿಮೆ, ಕಡ್ಡಾಯ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಅದರೊಳಗೆ ಬರುತ್ತಾರೆ. ಸಂಬಳದಲ್ಲಿ ಮಾಲೀಕರು ಶೇ 3.25, ಕೆಲಸಗಾರರು ಶೇ 0.75 ಕಟ್ಟಬೇಕು. ಇಎಸ್‌ಐ ಇರುವವರಿಗೆ ಕೆಲಸದ ಗಾಯದ ಪರಿಹಾರ ಅಲ್ಲಿಂದಲೇ ಸಿಗುತ್ತದೆ, ಇನ್ನೊಂದು ಪಾಲಿಸಿ ಬೇಡ. ಹತ್ತಕ್ಕಿಂತ ಕಡಿಮೆ ಜನ ಇರುವವರಿಗೆ ಪಾಲಿಸಿ ಬೇಕು. ಇಎಸ್‌ಐ ಇದ್ದ ಕಡೆಯೂ 21,000 ದಾಟಿದ ಸೂಪರ್‌ವೈಸರ್, ಸೀನಿಯರ್ ಟರ್ನರ್ ಹೊರಗೆ ಉಳಿಯುತ್ತಾರೆ. ಇವರನ್ನು ಮರೆಯುವವರೇ ಜಾಸ್ತಿ.

ಪಟ್ಟಿ ಬರೆಯಿರಿ, ನಿಜ ಬರೆಯಿರಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಹಾಜರಿ ಪುಸ್ತಕದಲ್ಲಿ ಇರುವವರು ಮಾತ್ರ ಸಾಲದು. ಊರಿಂದ ಬಂದು ಹೋದ ವಾರ ಸೇರಿದ ಹೆಲ್ಪರ್, ಲೋಡ್ ಬಂದಾಗ ಮಾತ್ರ ಬರುವ ಹಮಾಲಿ, ಕಾಂಟ್ರ್ಯಾಕ್ಟರ್ ಕಳಿಸುವ ಹುಡುಗರು, ಎಲ್ಲರನ್ನೂ ಬರೆಯಿರಿ. ಕಾಂಟ್ರ್ಯಾಕ್ಟರ್ ಜನರಿಗೆ ಪೆಟ್ಟಾದರೂ ಪರಿಹಾರ ಮೊದಲು ನಿಮ್ಮಿಂದಲೇ ಕೇಳಬಹುದು. ಆಮೇಲೆ ಅದನ್ನು ಕಾಂಟ್ರ್ಯಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳುವುದು ನಿಮ್ಮ ಪಾಡು.

ಪ್ರತಿಯೊಬ್ಬರ ಹೆಸರಿನ ಮುಂದೆ ಕೆಲಸ ಮತ್ತು ಸಂಬಳ ಹಾಕಿ. ಪ್ರೀಮಿಯಂ ನಿಂತಿರುವುದು ಇವೆರಡರ ಮೇಲೆಯೇ. ಲೆಕ್ಕ ಬರೆಯುವವರಿಗೆ ಕಡಿಮೆ, ವೆಲ್ಡರ್‌ಗೆ ಹೆಚ್ಚು, ಎತ್ತರದಲ್ಲಿ ನಿಂತು ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು. ಪ್ರೀಮಿಯಂ ಉಳಿಸಲು 18,000 ಕೊಡುವವರಿಗೆ 10,000 ಎಂದು ತೋರಿಸಬೇಡಿ. ಕ್ಲೇಮ್ ಬಂದಾಗ ಕಂಪನಿ ಅದೇ ಪ್ರಮಾಣದಲ್ಲಿ ಕಡಿತ ಮಾಡಬಹುದು. ಉಳಿದದ್ದು ನಿಮ್ಮ ತಲೆಗೇ ಬರುತ್ತದೆ. ಅರ್ಧ ಪಾಲಿಸಿ ಇಟ್ಟುಕೊಂಡು ನಿಶ್ಚಿಂತೆಯಾಗಿರುವುದು ಪಾಲಿಸಿಯೇ ಇಲ್ಲದಿರುವುದಕ್ಕಿಂತ ಅಪಾಯ ಎಂದು ನಾನು ನಂಬಿದ್ದೇನೆ.

ಎಲ್ಲಿ ಕೇಳಬೇಕು, ಏನು ಕೇಳಬೇಕು

ಜೀವ ವಿಮಾ ಕಂಪನಿಯಲ್ಲಿ ಇದು ಸಿಗುವುದಿಲ್ಲ. ಸಾಮಾನ್ಯ ವಿಮಾ ಕಂಪನಿಗೆ ಹೋಗಿ. ಸರ್ಕಾರಿ ಸ್ವಾಮ್ಯದ ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯಂಟಲ್, ನ್ಯಾಷನಲ್ ಇವೆ, ಖಾಸಗಿಯವೂ ಇವೆ. ಏಜೆಂಟರ ಬಾಯಲ್ಲಿ ಇದು ಇಂದಿಗೂ ‘ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಪಾಲಿಸಿ’. ಕಡಿಮೆ ದುಡ್ಡಿನಲ್ಲಿ ಆಗುತ್ತದೆ ಎಂದು ಗ್ರೂಪ್ ಅಪಘಾತ ಪಾಲಿಸಿ ಕೊಡಲು ಬಂದರೆ ಒಪ್ಪಬೇಡಿ. ಅದು ಕೆಲಸಗಾರರಿಗೆ ಒಂದು ಗೊತ್ತಾದ ಮೊತ್ತ ಕೊಡುತ್ತದೆ, ಅಷ್ಟೇ. ಕಾನೂನಿನ ಪ್ರಕಾರ ನೀವು ಕೊಡಬೇಕಾದ ಪರಿಹಾರದ ಹೊಣೆಯನ್ನು ಹೊರುವುದಿಲ್ಲ.

ಸಹಿ ಹಾಕುವ ಮೊದಲು ಕೆಲವನ್ನು ಬಾಯಿಬಿಟ್ಟು ಕೇಳಿ. ಆಸ್ಪತ್ರೆ ಖರ್ಚು ಸೇರಿದೆಯೇ? ಆ ಖರ್ಚು ಕೊಡುವುದೂ ಮಾಲೀಕರ ಹೊಣೆಯೇ, ಆದರೆ ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಕಾಂಟ್ರ್ಯಾಕ್ಟರ್ ಜನ ಸೇರಿದ್ದಾರೆಯೇ? ಕೆಲಸದಿಂದ ಬರುವ ಕಾಯಿಲೆಗಳು? ನಿಮ್ಮವರು ಸೈಟಿಗೆ ಹೋಗಿ ಫಿಟ್ಟಿಂಗ್ ಮಾಡುವುದಿದ್ದರೆ ಆ ಜಾಗವೂ ಪಾಲಿಸಿಯೊಳಗೆ ಬರಬೇಕು, ಅಲ್ವಾ? ವರ್ಷದ ನಡುವೆ ಹೊಸಬರು ಸೇರಿದರೆ ಕಂಪನಿಗೆ ಬರೆದು ತಿಳಿಸಿ.

ಅಪಘಾತ ಆದರೆ

ಮೊದಲು ಆಸ್ಪತ್ರೆ. ಅದೇ ದಿನ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಸಾವು ಅಥವಾ ದೊಡ್ಡ ಗಾಯವಾಗಿದ್ದರೆ ಏಳು ದಿನದೊಳಗೆ ಕಾರ್ಮಿಕ ಅಧಿಕಾರಿಗಳಿಗೆ ವರದಿ ಹೋಗಬೇಕು. ಇಲಾಖೆಯ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಹಾಜರಿ ಪುಸ್ತಕ, ಸಂಬಳದ ದಾಖಲೆ, ವಯಸ್ಸಿನ ಪುರಾವೆ, ಆಸ್ಪತ್ರೆ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕೆಲಸಗಾರ ತೀರಿಕೊಂಡಾಗ ಮನೆಯವರನ್ನು ಕರೆಸಿ, ಛಾಪಾ ಕಾಗದದ ಮೇಲೆ ಬರೆಸಿಕೊಂಡು, ಕೈಗೆ ದುಡ್ಡು ಕೊಟ್ಟು ‘ಸೆಟ್ಲ್’ ಮಾಡುವ ರೂಢಿ ಇದೆ. ದಯವಿಟ್ಟು ಬೇಡ. ಸಾವಿನ ಪರಿಹಾರವನ್ನು ಕಾನೂನು ಹೇಳಿದ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ನೇರವಾಗಿ ಕೊಟ್ಟದ್ದು ಪರಿಹಾರ ಎಂದು ಎಣಿಕೆಯಾಗುವುದಿಲ್ಲ. ತುರ್ತಿಗೆ ಮುಂಗಡ ಕೊಡಬಹುದು, ಆದರೆ ಅದಕ್ಕೂ ಮಿತಿ ಇದೆ. ಈ ಕಟ್ಟಳೆ ಇರುವುದು ದುಃಖದಲ್ಲಿರುವ ಹೆಂಡತಿ ಮಕ್ಕಳನ್ನು ಯಾರೂ ಕಡಿಮೆ ಮೊತ್ತಕ್ಕೆ ಒಪ್ಪಿಸದಿರಲಿ ಎಂದೇ.

ತಡ ಮಾಡಬೇಡಿ. ಕೊಡಬೇಕಾದ ದಿನದಿಂದ ಒಂದು ತಿಂಗಳು ದಾಟಿದರೆ ವರ್ಷಕ್ಕೆ ಶೇ 12 ಬಡ್ಡಿ ಸೇರುತ್ತದೆ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಶೇ 50ರವರೆಗೆ ದಂಡವೂ ಬೀಳಬಹುದು. ಈ ದಂಡವನ್ನು ಸಾಮಾನ್ಯವಾಗಿ ವಿಮಾ ಕಂಪನಿ ಕಟ್ಟುವುದಿಲ್ಲ, ಮಾಲೀಕರೇ ಕಟ್ಟಬೇಕು.