ನೆರವಿನ ಯೋಜನೆಗೆ ಸಮಾನತೆಯ ಅಂಕ ಕೊಡುವ ಕೆಲಸ: ನನ್ನ ಅನುಭವ

ವಿದೇಶಿ ನೆರವು ಕೊಡುವ ಸಂಸ್ಥೆಯೊಂದರಲ್ಲಿ ಯೋಜನೆಗಳ ಕರಡು ಓದಿ, ಲಿಂಗ ಸಮಾನತೆಯ ಅಂಕ ಕೊಡುವುದು ನನ್ನ ಕೆಲಸವಾಗಿತ್ತು. 1995ರಲ್ಲಿ ಬೀಜಿಂಗ್‌ನ ವಿಶ್ವ ಮಹಿಳಾ ಸಮ್ಮೇಳನದಲ್ಲಿ ದೇಶಗಳೆಲ್ಲ ಒಪ್ಪಿಕೊಂಡ, ಪ್ರತಿ ನೀತಿ, ಯೋಜನೆಯಲ್ಲೂ ಲಿಂಗ ಸಮಾನತೆಯನ್ನು ನೋಡಬೇಕೆಂಬ ಮಾತು ನಮ್ಮ ಕಚೇರಿಯಲ್ಲಿ ಬಂದು ಕೂರುತ್ತಿದ್ದುದು ಈ ಒಂದು ಕಾಲಂನಲ್ಲೇ.

ಒಇಸಿಡಿ ಎಂಬುದು ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಹಕಾರ ಸಂಘಟನೆ. ಅದರ ದಾನಿ ದೇಶಗಳು ಮೂರು ಬಗೆಯ ಅಂಕ ಬಳಸುತ್ತವೆ. ಸಮಾನತೆಯೇ ಯೋಜನೆಯ ಮೂಲ ಉದ್ದೇಶವಾದರೆ 2. ಬೇರೆ ಉದ್ದೇಶದ ಜೊತೆ ಇದೂ ಒಂದು ಗುರಿಯಾದರೆ 1. ಪರಿಶೀಲಿಸಿದರೂ ಅಂಥ ಗುರಿ ಕಾಣದಿದ್ದರೆ 0. ನೋಡದೆ ಖಾಲಿ ಬಿಟ್ಟರೆ ಅದು ಸೊನ್ನೆಯಲ್ಲ, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಎಳೆದಾಟವೆಲ್ಲ 0 ಮತ್ತು 1ರ ನಡುವೆ. ಕೆನಡಾ 2017ರಲ್ಲಿ ತನ್ನ ದ್ವಿಪಕ್ಷೀಯ ನೆರವಿನ ಯೋಜನೆಗಳಲ್ಲಿ ಶೇ 95ರಲ್ಲಾದರೂ ಸಮಾನತೆಯ ಗುರಿ ಇರಬೇಕೆಂದಿತು. ಐರೋಪ್ಯ ಒಕ್ಕೂಟ 2025ರ ಹೊತ್ತಿಗೆ ಹೊಸ ಯೋಜನೆಗಳ ಶೇ 85 ಎಂದಿತು. ಹೀಗೆ ಮೇಲಿನಿಂದ ಲೆಕ್ಕ ಬಂದಾಗ ಪ್ರತಿ ತಂಡಕ್ಕೂ 1 ಬೇಕು. 'ಮಹಿಳೆಯರೂ ಸೇರಿದಂತೆ' ಎಂದು ಸುಮ್ನೆ ಸೇರಿಸಿ ಕಳಿಸುತ್ತಾರೆ. ಅದಕ್ಕೇ ನಾನು ಪೀಠಿಕೆ ಬಿಟ್ಟು ಮೊದಲು ಸೂಚಕಗಳ ಪಟ್ಟಿ, ಆಮೇಲೆ ಬಜೆಟ್ ಓದುತ್ತಿದ್ದೆ. 1 ಸಿಗಬೇಕಾದರೆ ಗಂಡು ಹೆಣ್ಣಿನ ಸ್ಥಿತಿಗತಿಯ ಅಧ್ಯಯನ ಆಗಿರಬೇಕು. ಸ್ಪಷ್ಟ ಗುರಿಯೊಂದು, ಅದನ್ನು ಅಳೆಯುವ ಸೂಚಕವೊಂದು ಬೇಕು. ಬಜೆಟ್ ನೋಡುವುದು ನನ್ನದೇ ಅಭ್ಯಾಸ. ಹಣ ಇಡದ ಗುರಿಯನ್ನು ನಾನು ನಂಬುವುದಿಲ್ಲ.

ಒಮ್ಮೆ ಕುಡಿಯುವ ನೀರಿನ ಯೋಜನೆ ಬಂತು. "ನೀರು ಹತ್ತಿರ ಬಂದರೆ ಹೆಂಗಸರಿಗೇ ಅನುಕೂಲ ಅಲ್ವಾ ಮೇಡಂ?" ಎಂದರು ಎಂಜಿನಿಯರ್. ಹೌದು, ಹೊರುವ ಶ್ರಮ ತಪ್ಪುತ್ತದೆ. ಆದರೆ ನೀರಿನ ಸಮಿತಿಯಲ್ಲಿ ಯಾರಿದ್ದಾರೆ? ಪಂಪ್ ರಿಪೇರಿಯ ಸಂಬಳದ ಕೆಲಸ ಯಾರಿಗೆ? ಸಭೆ ಅಡುಗೆಯ ಹೊತ್ತಿಗೇ ಇದ್ದರೆ ಬರುವುದು ಹೇಗೆ? ಇವನ್ನು ಕೇಳುತ್ತ ಕೂತು ಕರಡನ್ನು ಜೊತೆಯಲ್ಲೇ ತಿದ್ದಿದೆವು. 'ಸಭೆಗೆ ಬಂದ ಮಹಿಳೆಯರ ಸಂಖ್ಯೆ' ಎಂಬ ಸೂಚಕ ಹೋಯಿತು. ಸಮಿತಿಯ ಖಾತೆಗೆ ಸಹಿ ಹಾಕುವ ಮಹಿಳೆಯರು, ರಿಪೇರಿ ಕೆಲಸ ಸಿಕ್ಕ ಮಹಿಳೆಯರು ಎಂಬ ಎರಡು ಬಂದವು. ತರಬೇತಿಯ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಬಜೆಟ್ ಸೇರಿತು. ಆಮೇಲೆ 1 ಕೊಟ್ಟೆ.

ಹೀಗೆ ಹಟ ಹಿಡಿಯಲು ಕಾರಣವಿದೆ. ಸ್ವೀಡನ್ 2014ರಲ್ಲಿ ಸ್ತ್ರೀವಾದಿ ವಿದೇಶಾಂಗ ನೀತಿ, ಅಂದರೆ ನೆರವೂ ಸೇರಿ ಹೊರದೇಶಗಳ ಜೊತೆಗಿನ ವ್ಯವಹಾರದಲ್ಲೆಲ್ಲ ಲಿಂಗ ಸಮಾನತೆಯನ್ನು ಮುಂದಿಡುವ ನೀತಿ ತಂದಿತು, 2022ರಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಸರ್ಕಾರ ಬದಲಾದಾಗ ನೀತಿಯ ಹೆಸರು ಒಂದೇ ದಿನಕ್ಕೆ ಹೋಗಬಹುದು. ಸಹಿಯಾದ ಒಪ್ಪಂದದಲ್ಲಿ ಕೂತ ಸೂಚಕವನ್ನು ತೆಗೆಯಬೇಕಾದರೆ ಎರಡೂ ಕಡೆಯವರು ಮತ್ತೆ ಮಾತಿಗೆ ಕೂರಬೇಕಾಗುತ್ತದೆ.