ಬೆಟ್ಟದ ಮೆಟ್ಟಿಲಿಳಿದ ಕಾಲಿಗೆ ರೋಲರ್ ಉಪಚಾರ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಅಪರೂಪಕ್ಕೆ ಹತ್ತಿ ಇಳಿದವರಿಗೆ ಕಾಲುನೋವು ಜೋರಾಗುವುದು ಅಂದಲ್ಲ, ಮರುದಿನ ಅಥವಾ ಅದರಾಚೆಯ ದಿನ; ಅದೂ ಹತ್ತಿದ್ದಕ್ಕಿಂತ ಇಳಿದದ್ದರಿಂದಲೇ ಹೆಚ್ಚು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಮೈಭಾರವನ್ನು ತಡೆದುಕೊಳ್ಳುತ್ತಲೇ ಹಿಗ್ಗಬೇಕಾಗುತ್ತದೆ, ರೂಢಿಯಿಲ್ಲದವರಿಗೆ ಈ ಶ್ರಮವೇ ನೋವಾಗಿ ಉಳಿಯುತ್ತದೆ. ಇಂತಹ ನೋವು, ಬಿಗಿತಗಳನ್ನು ತಗ್ಗಿಸಲು ಫೋಮ್ ರೋಲರ್ (ಗಟ್ಟಿ ಸ್ಪಂಜಿನ ಉರುಳೆ) ಅಥವಾ ಚೆಂಡಿನಿಂದ ನಾವೇ ಮಾಡಿಕೊಳ್ಳುವ ಉಪಚಾರವೇ ಸ್ವಯಂ ಮಯೋಫ್ಯಾಸಿಯಲ್ ರಿಲೀಸ್.

ಮಟನ್ ಹೆಚ್ಚುವಾಗ ಖಂಡಕ್ಕೆ ಅಂಟಿಕೊಂಡು ಬೆಳ್ಳಗೆ ಮಿರುಗುವ ತೆಳುಪೊರೆಯನ್ನು ಕಂಡವರು ಈ ಉಪಚಾರದ ಹೆಸರಿನಲ್ಲಿರುವ ಫ್ಯಾಸಿಯಾವನ್ನು ಕಂಡಂತೆಯೇ. ಮುಖ್ಯವಾಗಿ ಕೊಲಾಜೆನ್ ನಾರುಗಳಿಂದಾದ ಈ ಪೊರೆ ನಮ್ಮ ದೇಹದಲ್ಲೂ ಸ್ನಾಯು, ಮೂಳೆ, ನರ, ಅಂಗಾಂಗಗಳನ್ನು ಸುತ್ತುವರಿದಿದ್ದು, ಪದರಗಳ ನಡುವಿನ ಹಯಲುರೋನಿಕ್ ಆಮ್ಲದಿಂದಾಗಿ ಅವು ಒಂದರ ಮೇಲೊಂದು ಸರಾಗವಾಗಿ ಜಾರುತ್ತವೆ. ಅದರಲ್ಲಿ ನರತುದಿಗಳೂ ಹೇರಳ. ರೋಲರ್‌ನಿಂದ ‘ಗಂಟು ಒಡೆಯುತ್ತದೆ’ ಎಂದು ಜಿಮ್‌ಗಳಲ್ಲಿ ಹೇಳುವುದುಂಟು. ಅದನ್ನು ನಂಬಿ ಬಲಪ್ರಯೋಗ ಮಾಡಬೇಕಾಗಿಲ್ಲ. ಅಂಗಾಲಿನ ಹಾಗೂ ತೊಡೆಯ ಹೊರಬದಿಯ ಫ್ಯಾಸಿಯಾ ಇಷ್ಟು ಒತ್ತಡಕ್ಕೆ ಆಕಾರ ಬದಲಿಸುವಷ್ಟು ಮೆತುವಲ್ಲ. ಒತ್ತಡವನ್ನು ಗ್ರಹಿಸಿದ ನರಮಂಡಲವು ಬಿಗಿತವನ್ನೂ ನೋವಿನ ಅನುಭವವನ್ನೂ ಸ್ವಲ್ಪ ಹೊತ್ತು ಇಳಿಸುತ್ತದೆ ಎಂಬುದೇ ಹೆಚ್ಚು ಒಪ್ಪತಕ್ಕ ವಿವರಣೆ. ಕೀಲುಗಳು ಬಾಗುವ ಮಿತಿ ತಾತ್ಕಾಲಿಕವಾಗಿ ಹೆಚ್ಚುತ್ತದೆ, ಸ್ನಾಯುಬಲವೇನೂ ಕುಂದುವುದಿಲ್ಲ.

ಮೊದಲು ಮೀನಖಂಡ. ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ರೋಲರನ್ನು ಒಂದು ಕಾಲಿನ ಕೆಳಗಿರಿಸಿ, ಅಂಗೈಗಳನ್ನು ಹಿಂದಕ್ಕೆ ಊರಿ ಪೃಷ್ಠವನ್ನು ತುಸು ಎತ್ತಿ, ಹಿಮ್ಮಡಿಯ ಮೇಲ್ಭಾಗದಿಂದ ಮಂಡಿಯ ಕೆಳಗಿನವರೆಗೆ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್‌ನಷ್ಟು ನಿಧಾನವಾಗಿ ಉರುಳಿಸಬೇಕು. ನೋವಿರುವ ಜಾಗ ಸಿಕ್ಕಾಗ ಅಲ್ಲೇ 20–30 ಸೆಕೆಂಡು ನಿಂತು, ಉಸಿರನ್ನು ದೀರ್ಘವಾಗಿ ಬಿಡುತ್ತಾ, ಪಾದವನ್ನು ಮೇಲೆ ಕೆಳಗೆ ಆಡಿಸಿ. ಉಸಿರು ಬಿಗಿಹಿಡಿಯುವಂತಾದರೆ ಒತ್ತಡ ಅತಿಯಾಯಿತೆಂದೇ ಅರ್ಥ. ಆಗ ಪೃಷ್ಠವನ್ನು ನೆಲಕ್ಕೆ ಊರಿ ಭಾರ ಕಡಿಮೆ ಮಾಡಿಕೊಳ್ಳಿ. ಒಂದು ಕಾಲಿಗೆ ಒಂದರಿಂದ ಒಂದೂವರೆ ನಿಮಿಷ ಸಾಕು.

ತೊಡೆಗೆ ಬೋರಲು ಮಲಗಿ, ಮೊಣಕೈಗಳ ಮೇಲೆ ಭಾರ ಹಾಕಿ, ಮಂಡಿಚಿಪ್ಪಿನ ಮೇಲೆ ಹೋಗದಂತೆ ಅದೇ ರೀತಿ ಮಾಡಬೇಕು. ನೆಲದಲ್ಲಿ ಮಲಗಲಾಗದವರು ಕುರ್ಚಿಯಲ್ಲಿ ಕುಳಿತು ಲಟ್ಟಣಿಗೆಯನ್ನೇ ತೊಡೆಯ ಮೇಲೆ ಉರುಳಿಸಬಹುದು. ಭುಜದೆಲುಬುಗಳ ನಡುವಿನ ಬಿಗಿತಕ್ಕೆ ಟೆನಿಸ್ ಚೆಂಡನ್ನು ಕಾಲುಚೀಲದೊಳಗಿಟ್ಟು ಗೋಡೆಗೆ ಒರಗುವುದೇ ಸುಲಭ, ಏಕೆಂದರೆ ಚೆಂಡು ಜಾರಿ ಬೀಳುವುದಿಲ್ಲ. ಬೆನ್ನುಮೂಳೆಯ ಮೇಲೂ ಕೀಲುಗಳ ಮೇಲೂ ಒತ್ತಬಾರದು. ಸೊಂಟದ ಭಾಗವನ್ನು ಬಿಟ್ಟುಬಿಡುವುದು ಲೇಸು.

ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುವವರು ಚೆಂಡನ್ನೋ, ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಯನ್ನೋ ಅಂಗಾಲಿನಡಿ ಉರುಳಿಸಿ ನೋಡಬಹುದು. ಕೆಲವು ವಾರಗಳಾದರೂ ಗುಣ ಕಾಣದಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಬೇಕು. ಮೂಳೆ ಸವೆತ, ಉಬ್ಬಿದ ರಕ್ತನಾಳ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ರೋಲರ್ ಮುಟ್ಟಬಾರದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪೇರಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದಾದ್ದರಿಂದ, ಅದನ್ನು ತಿಕ್ಕದೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.