ಯೂನಿಯನ್‌ಗೆ ರಾಜಕೀಯ ಯಾಕೆ? ಕಮಿಟಿಯಲ್ಲಿದ್ದು ಕಂಡ ನನ್ನ ಅನುಭವ

ಕಾರ್ಖಾನೆಯ ಯೂನಿಯನ್ ಕಮಿಟಿಗೆ ಆಯ್ಕೆಯಾದ ಹೊಸದರಲ್ಲಿ ಹಿರಿಯರು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: "ರಾಜಕೀಯ ಗೇಟಿನ ಹೊರಗೇ ಇರಲಿ." ಅದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ಎಲ್ಲ ಪಕ್ಷಕ್ಕೂ ವೋಟು ಹಾಕುವವರಿದ್ದಾರೆ. ಚುನಾವಣೆ ಬಂತೆಂದರೆ ಅಕ್ಕಪಕ್ಕದ ಮೆಷಿನ್‌ನವರ ನಡುವೆಯೇ ಮಾತು ನಿಂತುಹೋಗುತ್ತದೆ. ಆ ಭಯ ಸುಳ್ಳಲ್ಲ. ಆದರೂ ಯೂನಿಯನ್ ರಾಜಕೀಯದಿಂದ ದೂರ ಉಳಿಯಬಾರದು ಎಂದು ನಾನು ನಂಬಿದ್ದೇನೆ, ಆ ದಿಕ್ಕಿನಲ್ಲಿ ಕೆಲಸವನ್ನೂ ಮಾಡಿದ್ದೇನೆ.

ನನಗೆ ಇದು ಮನದಟ್ಟಾದದ್ದು 2016ರಲ್ಲಿ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಏಪ್ರಿಲ್ 19ರಂದು ನಿಯಮ ರದ್ದಾಯಿತು. ಆ ನಿಯಮವನ್ನು ಯಾವ ಮ್ಯಾನೇಜ್‌ಮೆಂಟೂ ಮಾಡಿರಲಿಲ್ಲ. ಹಾಗಾಗಿ ನಾವು ಎಷ್ಟೇ ಗಟ್ಟಿಯಾದ ಬೇಡಿಕೆ ಪಟ್ಟಿ ಬರೆದು ಮಾಲೀಕರ ಮುಂದಿಟ್ಟರೂ ಅದು ಹಿಂದೆ ಸರಿಯುತ್ತಿರಲಿಲ್ಲ.

ಆಮೇಲೆ ಕೆಲಸದ ಅವಧಿಯ ವಿಚಾರ ಬಂತು. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಅದನ್ನು ಮೀರಿದರೆ ದುಪ್ಪಟ್ಟು ಓಟಿ. ಕೋವಿಡ್ ಹೊತ್ತಿನಲ್ಲಿ, 2020ರ ಮೇ 22ರಂದು, ರಾಜ್ಯ ಸರ್ಕಾರ ಇದನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಏರಿಸಿತು. ವಿಷಯ ಹೈಕೋರ್ಟ್‌ಗೆ ಹೋದಮೇಲೆ ಜೂನ್‌ನಲ್ಲಿ ಆದೇಶ ವಾಪಸಾಯಿತು. 2023ರ ಫೆಬ್ರವರಿಯಲ್ಲಿ ಬಂದದ್ದು ಬರೀ ಆದೇಶವಲ್ಲ, ಕಾಯ್ದೆಗೇ ತಿದ್ದುಪಡಿ. ವಾರದ 48 ಗಂಟೆ ಹಾಗೇ ಉಳಿಸಿ, ಕಾರ್ಮಿಕರ ಲಿಖಿತ ಒಪ್ಪಿಗೆ ಇದ್ದರೆ ದಿನಕ್ಕೆ 12 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟರು. ಮೂರು ತಿಂಗಳ ಓಟಿ ಮಿತಿಯನ್ನೂ ಎರಡು ಪಟ್ಟಿನ ಹತ್ತಿರಕ್ಕೆ ಒಯ್ದರು. ಇನ್‌ಕ್ರಿಮೆಂಟ್ ಬರೆಯುವವನ ಎದುರು ಕೂತ ಕಾರ್ಮಿಕನಿಗೆ ಆ "ಲಿಖಿತ ಒಪ್ಪಿಗೆ" ಕೊಡುವುದಿಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ನಮ್ಮ ಹಿಂದಿನವರು ಸ್ಟ್ರೈಕ್ ಮಾಡಿ, ಸಂಬಳ ಕಳೆದುಕೊಂಡು ಶಿಫ್ಟ್ ಬಗ್ಗೆ ಒಪ್ಪಂದ ಬರೆಸಿಕೊಂಡಿದ್ದರು. ಆ ಒಪ್ಪಂದ ನಿಂತಿದ್ದ ನೆಲವನ್ನೇ ಒಂದು ಮಸೂದೆ ಸಡಿಲಿಸಿತು.

ಅಲ್ಲಿಂದ ನಾವು ಮೊದಲು ಓದಲು ಶುರು ಮಾಡಿದೆವು. ರಾಜ್ಯಪತ್ರದಲ್ಲಿ ಬರುವ ಕಾರ್ಮಿಕ ಇಲಾಖೆಯ ಕರಡು ಅಧಿಸೂಚನೆಗಳನ್ನು ಪ್ರಿಂಟ್ ತೆಗೆದು ಶಿಫ್ಟ್ ಮುಗಿದ ಮೇಲೆ ಸಾಲುಸಾಲಾಗಿ ಓದುತ್ತಿದ್ದೆವು. ಕನಿಷ್ಠ ವೇತನದ ಕರಡು ಬಂದರೆ ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳಾದರೂ ಸಮಯ ಕೊಡಬೇಕು ಎಂದು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿತ್ತು. ಮಾಲೀಕರ ಸಂಘಗಳು ಆ ಅವಧಿಯನ್ನು ಒಂದು ದಿನವೂ ವ್ಯರ್ಥ ಮಾಡುವುದಿಲ್ಲ. ನಮ್ಮ ಕಡೆಯಿಂದ ಹೋಗುತ್ತಿದ್ದದ್ದು ಮುಖಂಡರ ಒಂದು ಪತ್ರ ಮಾತ್ರ. ಅದರ ಬದಲು ಪ್ರತಿ ವಿಭಾಗದ ಸದಸ್ಯರೂ ತಮ್ಮ ಮನೆಯ ಬಾಡಿಗೆ, ರೇಷನ್, ಮಕ್ಕಳ ಫೀಸಿನ ಲೆಕ್ಕ ಬರೆದು ತಾವೇ ಸಹಿ ಹಾಕಿದ ಆಕ್ಷೇಪಣೆ ಕಳಿಸುವಂತೆ ಮಾಡಿದೆವು. ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಬರೆಯಲು ಬಾರದ ಅಕ್ಕಂದಿರು ಹೇಳಿದರು, ಓದಿದ ಹುಡುಗರು ಬರೆದುಕೊಂಡರು. ನನ್ನ ಮಟ್ಟಿಗೆ ಇದೇ ಅಸಲಿ ರಾಜಕೀಯ.

ಶಾಸಕರ ಭೇಟಿ ಇನ್ನೊಂದು ಪಾಠ. ಕಚೇರಿಗೆ ಹೋದರೆ ಪಿಎ ಮನವಿ ಪತ್ರ ಇಸ್ಕೊಂಡು "ಸಾಹೇಬ್ರಿಗೆ ಹೇಳ್ತೀನಿ" ಎಂದು ಕಳಿಸಿಬಿಡುತ್ತಾರೆ, ಫೋಟೊ ತೆಗೆಸಿಕೊಂಡು ಬರುವುದೊಂದೇ ಲಾಭ. ನಾವು ಮನವಿ ಪತ್ರದ ಜೊತೆಗೆ ಸದನದಲ್ಲಿ ಕೇಳಬಹುದಾದ ಪ್ರಶ್ನೆಯನ್ನೇ ಸಿದ್ಧಪಡಿಸಿ ಒಯ್ದೆವು: ನಮ್ಮ ತಾಲ್ಲೂಕಿನಲ್ಲಿ ಕಾರ್ಖಾನೆಗಳೆಷ್ಟು, ಕಳೆದ ವರ್ಷ ತಪಾಸಣೆಯಾದವು ಎಷ್ಟು, ಇನ್‌ಸ್ಪೆಕ್ಟರ್ ಹುದ್ದೆ ಖಾಲಿ ಇರುವುದು ಎಷ್ಟು. ಸದನದಲ್ಲಿ ಪ್ರಶ್ನೆ ಬಿತ್ತೆಂದರೆ ಇಲಾಖೆ ಲಿಖಿತವಾಗಿ ಉತ್ತರಿಸಲೇಬೇಕು. ಮುಂದೆ ಅದೇ ಕಾಗದ ಹಿಡಿದು ಲೇಬರ್ ಆಫೀಸಿನಲ್ಲಿ ಮಾತಾಡಬಹುದು. ಆಡಳಿತ ಪಕ್ಷದವರು ಹಿಂಜರಿದರೆ ವಿರೋಧ ಪಕ್ಷದವರ ಹತ್ತಿರ, ಅಲ್ಲೂ ಆಗದಿದ್ದರೆ ವಿಧಾನ ಪರಿಷತ್ ಸದಸ್ಯರ ಹತ್ತಿರ ಅದೇ ಪ್ರಶ್ನೆ ಒಯ್ಯುತ್ತೇವೆ.

ಒಬ್ಬ ಜನಪ್ರತಿನಿಧಿ ನೇರವಾಗಿಯೇ ಕೇಳಿದರು, "ನಿಮ್ಮವರ ವೋಟು ಇಲ್ಲಿದೆಯೇನಪ್ಪ?" ಸಿಟ್ಟು ಬಂತು, ಆದರೆ ಪ್ರಶ್ನೆ ಸರಿಯಾಗಿತ್ತು. ನಮ್ಮ ಅರ್ಧಕ್ಕಿಂತ ಹೆಚ್ಚು ಜನರ ಹೆಸರು ಇನ್ನೂ ರಾಯಚೂರು, ಕಲಬುರಗಿ, ಚಿತ್ರದುರ್ಗದ ಹಳ್ಳಿಗಳ ಪಟ್ಟಿಯಲ್ಲೇ ಇತ್ತು. ದುಡಿಮೆ ಇಲ್ಲಿ, ಬಾಡಿಗೆ ಕಟ್ಟುವುದು ಇಲ್ಲಿ, ವೋಟು ಮಾತ್ರ ಊರಲ್ಲಿ. ಹಾಗಾಗಿ ನೀರಿನ ಸಮಸ್ಯೆಯೇ ಇರಲಿ, ರಾತ್ರಿ ಪಾಳಿಯ ಬಸ್ಸಿನದೇ ಇರಲಿ, ನಾವು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ವಿಳಾಸ ಬದಲಿಸುವ ನಮೂನೆ 8ನ್ನು ತುಂಬಿಸುವ ಕೆಲಸ ಕೈಗೆತ್ತಿಕೊಂಡೆವು. ಎಲ್ಲರೂ ಒಪ್ಪಲಿಲ್ಲ, ಊರಿನ ಪಂಚಾಯ್ತಿ ಚುನಾವಣೆ, ಅಲ್ಲಿನ ನಂಟು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಅವರನ್ನು ಒತ್ತಾಯಿಸಲಿಲ್ಲ, ಊರಲ್ಲೇ ಹಾಕುವುದಾದರೂ ತಪ್ಪದೆ ಹಾಕಿ ಎಂದೆವು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ, ದಿನಗೂಲಿಯವರಿಗೂ ಅದು ಅನ್ವಯ. ಚುನಾವಣೆಗೆ ಮುಂಚೆಯೇ ಅದನ್ನು ನೋಟಿಸ್ ಬೋರ್ಡಿಗೆ ಹಾಕಿ, ಮ್ಯಾನೇಜ್‌ಮೆಂಟಿಗೂ ಪತ್ರ ಕೊಡುತ್ತೇವೆ.

ಹಾಗಾದರೆ ಯೂನಿಯನ್ ಯಾವ ಪಕ್ಷದ್ದು? ಯಾವುದರದ್ದೂ ಅಲ್ಲ. ಗೇಟ್ ಮೀಟಿಂಗಿನಲ್ಲಿ ಯಾವ ಬಾವುಟವೂ ಇಲ್ಲ. ಅಭ್ಯರ್ಥಿಗಳೆಲ್ಲರಿಗೂ ಒಂದೇ ಪ್ರಶ್ನಾವಳಿ ಕೊಟ್ಟು, ಬಂದ ಉತ್ತರಗಳನ್ನು ಒಂದಕ್ಷರ ತಿದ್ದದೆ ಅಂಟಿಸುತ್ತೇವೆ. ಉತ್ತರ ಕೊಡದವರ ಹೆಸರಿನ ಮುಂದೆ ಜಾಗ ಖಾಲಿ ಬಿಡುತ್ತೇವೆ. ಯಾರಿಗೆ ವೋಟು ಹಾಕಬೇಕು ಎಂಬುದು ಆಯಾ ಸದಸ್ಯರಿಗೆ ಬಿಟ್ಟದ್ದು. ದುಡ್ಡಿನ ವಿಚಾರದಲ್ಲೂ ಕಾನೂನು ಸ್ಪಷ್ಟವಾಗಿತ್ತು: 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1926ರ ಟ್ರೇಡ್ ಯೂನಿಯನ್ ಕಾಯ್ದೆಯ 16ನೇ ಕಲಂ ಪ್ರಕಾರ ರಾಜಕೀಯ ಕೆಲಸಕ್ಕೆ ಪ್ರತ್ಯೇಕ ನಿಧಿ ಇಡಬಹುದಿತ್ತು, ಅದಕ್ಕೆ ಕೊಡು ಎಂದು ಯಾರನ್ನೂ ಬಲವಂತ ಮಾಡುವಂತಿರಲಿಲ್ಲ, ಕೊಡದವರ ಸದಸ್ಯತ್ವದ ಹಕ್ಕಿಗೆ ಧಕ್ಕೆ ತರುವಂತಿರಲಿಲ್ಲ. ಸಾಮಾನ್ಯ ನಿಧಿಯ ಒಂದು ರೂಪಾಯಿಯನ್ನೂ ನಾವು ಇದಕ್ಕೆ ಮುಟ್ಟಿಲ್ಲ. ಹಿರಿಯರ ಭಯ ಕಡಿಮೆಯಾದದ್ದು ಭಾಷಣದಿಂದಲ್ಲ, ಈ ಲೆಕ್ಕದ ಪುಸ್ತಕ ನೋಡಿದ ಮೇಲೆ.

ಈಗ ನಮ್ಮ ಪ್ರಶ್ನಾವಳಿಯ ಮೊದಲ ಸಾಲಿನಲ್ಲಿರುವುದು 300 ಎಂಬ ಸಂಖ್ಯೆ. ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕು ಎಂಬ ನಿಯಮ 1976ರಲ್ಲಿ ಬಂದಾಗ ಅದು 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ ಇತ್ತು. ಮುಂದೆ 100ಕ್ಕೆ ಇಳಿದು, ಸಾವಿರಾರು ಸಣ್ಣ ಕಾರ್ಖಾನೆಗಳಿಗೆ ರಕ್ಷಣೆ ಸಿಕ್ಕಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮತ್ತೆ 300 ಮಾಡಿದೆ. ನಮ್ಮ ಕಾರ್ಖಾನೆ ಅದಕ್ಕಿಂತ ಚಿಕ್ಕದು, ನಾವು ಈಗ ಆ ರಕ್ಷಣೆಯ ಹೊರಗಿದ್ದೇವೆ. ಇಷ್ಟೇ ಅಲ್ಲ, ಆ ಸಂಖ್ಯೆಯನ್ನು ಇನ್ನೂ ಏರಿಸಬೇಕೆಂದರೆ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು, ಸದನಕ್ಕೆ ಮಸೂದೆ ತರಬೇಕಾಗಿಯೂ ಇಲ್ಲ. ಹಾಗಾಗಿ ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವ ಪ್ರತಿಯೊಬ್ಬರಿಂದಲೂ ಒಂದು ಲಿಖಿತ ಉತ್ತರ ಕೇಳುತ್ತೇವೆ: ಈ ಸಂಖ್ಯೆ ಏರಿಸುವ ಪ್ರಸ್ತಾಪ ಬಂದರೆ ನೀವು ಯಾವ ಕಡೆ?